ಕಿಟಕಿಯ ಕಣಜ, ಟ್ಯಾಂಕಿನ ಹೆಜ್ಜೇನು

— ದೊಡ್ಡಪ್ಪ, ಆ ಪಂಜು ಯಾತಕ್ಕೆ ಕಟ್ತಾ ಇದೀರಿ?

— ನಡುಮನೆ ಕಿಟಕೀಲಿ ಕಣಜ ಗೂಡು ಕಟ್ಟೈತೆ ಕಣವ್ವ. ಮಗು ಅಲ್ಲೇ ಕೂತು ಓದ್ಕೊಳ್ಳೋದು. ಕತ್ತಲಾದ ಮೇಲೆ ಒಂದ್ಸಲ ಬೆಂಕಿ ತೋರಿಸಿದ್ರೆ ಮುಗೀತು. ಸ್ಕೂಲ್ ಟ್ಯಾಂಕಿನ ಕೆಳಗೆ ಹೆಜ್ಜೇನು ಕೂತೈತಲ್ಲ, ಅದಕ್ಕೂ ಹಿಂಗೇ ಒಂದು ದಾರಿ ಮಾಡ್ಬೇಕು ಅಂತ ಪಂಚಾಯ್ತಿ ಮೆಂಬರ್ ಹತ್ರ ಮಾತಾಡಿದೀನಿ.

— ಅದು ಬೇರೆ ಹುಳ, ಇದು ಬೇರೆ ಹುಳ. ಎರಡಕ್ಕೂ ಒಂದೇ ಪಂಜು ಹಿಡಿಯೋದು ಸರಿಯಲ್ಲ. ಇನ್ನೂ ಬೆಳಕಿದೆ, ಕಿಟಕಿ ಹತ್ರ ಬನ್ನಿ, ಇಲ್ಲಿ ನಿಂತು ನೋಡಿ. ಚೌಕಟ್ಟಿನ ಮೂಲೆಯಿಂದ ಸಣ್ಣದೊಂದು ತೊಟ್ಟು ಇಳಿದಿದೆ, ಅದಕ್ಕೆ ಗೂಡು ಜೋತುಬಿದ್ದಿದೆ. ಮೇಲೆ ಹೊದಿಕೆ ಅನ್ನೋದೇ ಇಲ್ಲ, ಕೋಣೆಗಳೆಲ್ಲ ಬಾಯಿ ತೆರೆದುಕೊಂಡಿವೆ. ಅಲ್ಲಿ ನೋಡಿ, ಕೋಣೆ ತಳದಲ್ಲಿ ಬೆಳ್ಳಗೆ ಮರಿ ಕಾಣ್ತಿದೆ. ಪಕ್ಕದ ಕೋಣೆಗೆ ಬಿಳಿ ಮುಚ್ಚಳ ಬಿದ್ದಿದೆ, ಅದರೊಳಗೆ ಮರಿ ಕೋಶ ಸುತ್ತಿಕೊಂಡು ಕೂತಿದೆ. ನಾವಿಬ್ಬರೂ ಇಷ್ಟು ಹತ್ತಿರ ನಿಂತಿದೀವಿ, ಒಂದಾದರೂ ಮೈಮೇಲೆ ಬಂತಾ?

— ಬಂದಿಲ್ಲ. ಮೀಸೆ ಎತ್ಕೊಂಡು ನಮ್ಮನ್ನೇ ನೋಡ್ತಾ ಅವೆ.

— ಗೂಡು ಮುಟ್ಟಿದರೆ, ಕಿಟಕಿ ಧಡಾರಂತ ಹಾಕಿದರೆ ಕಚ್ಚುತ್ತವೆ. ಆಗಲೂ ಅವು ಕಾಯೋದು ಆ ಮರಿಗಳನ್ನ. ಇದು ಜೇನಿನ ಹಾಗೆ ಮೇಣದ ಗೂಡಲ್ಲ. ನಿಮ್ಮ ಬೇಲಿ ಗೂಟ, ಒಣ ಕಡ್ಡಿ ಕೆರೆದು ನಾರು ತಂದು, ಎಂಜಲಲ್ಲಿ ಅರೆದು ಮಾಡಿದ ಕಾಗದ. ಹುಳ ಸಣ್ಣದು, ಕಂದು ಬಣ್ಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಿಟಕಿಗಳಲ್ಲೂ ಇಂಥದ್ದೇ ಗೂಡುಗಳಿದ್ದವು. ಅಲ್ಲಿನ ರಾಘವೇಂದ್ರ ಗದಗಕರ್ ಅವುಗಳ ಬೆನ್ನು ಹಿಡಿದು ದಶಕಗಳನ್ನೇ ಕಳೆದರು. ಆ ಕಣಜದ ಹೆಸರು ರೋಪಾಲಿಡಿಯಾ ಮಾರ್ಜಿನೇಟಾ. ಇವತ್ತು ಲೋಕದಲ್ಲಿ ಕಣಜದ ಸಂಸಾರದ ಬಗ್ಗೆ ಓದೋವರು ಯಾರೇ ಆಗಲಿ, ನಮ್ಮ ಬೆಂಗಳೂರಿನ ಆ ಕಿಟಕಿ ಹುಳದ ಹೆಸರು ಹೇಳದೆ ಮುಂದೆ ಹೋಗೋ ಹಾಗಿಲ್ಲ.

— ಕಿಟಕಿ ಹುಳದಲ್ಲಿ ಅಷ್ಟು ವರ್ಷ ನೋಡೋಕೆ ಏನೈತವ್ವ?

— ಒಂದೊಂದು ಹುಳದ ಬೆನ್ನಿಗೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಏನು ಮಾಡುತ್ತೆ ಅಂತ ಬರೆದುಕೊಂಡರು. ಅವರೂ ಎನ್. ವಿ. ಜೋಶಿಯವರೂ 1983ರಲ್ಲಿ ಅದನ್ನ ಪ್ರಕಟಿಸಿದರು. ಗೂಡಿನಲ್ಲಿ ಮೂರು ಬಗೆ: ಸುಮ್ಮನೆ ಕೂರೋವು, ಜಗಳಕ್ಕೆ ನಿಲ್ಲೋವು, ಹೊರಗೆ ಹೋಗಿ ದುಡಿದು ತರೋವು. ರಾಣಿ ಯಾವ ಗುಂಪಿನಲ್ಲಿದ್ದಳು ಹೇಳಿ?

— ಜಗಳ ಮಾಡೋ ಗುಂಪಲ್ಲಿ ಇರ್ಬೇಕು. ಇಲ್ದಿದ್ರೆ ಯಜಮಾನಿಕೆ ಹೆಂಗೆ ನಡೀತದೆ?

— ಕೂರೋವುಗಳ ಗುಂಪಿನಲ್ಲಿ. ಯಾರ ಮೇಲೂ ಏರಿ ಹೋಗೋದಿಲ್ಲ, ಮೊಟ್ಟೆ ಮಾತ್ರ ಅವಳದೇ. ಇನ್ನೊಂದು ಸೋಜಿಗ ಇದೆ. ರಾಣಿ ಇರೋವರೆಗೂ ಮುಂದಿನ ರಾಣಿ ಯಾರು ಅಂತ ಎಷ್ಟು ನೋಡಿದರೂ ಗುರುತು ಸಿಕ್ಕೋದಿಲ್ಲ. ರಾಣೀನ ಗೂಡಿನಿಂದ ತೆಗೆದರು ಅನ್ನಿ, ಸ್ವಲ್ಪ ಹೊತ್ತಿಗೇ ಒಂದು ಹುಳ ಎದ್ದು ಎಲ್ಲರ ಮೇಲೂ ಜೋರು ಮಾಡೋಕೆ ಶುರು ಮಾಡುತ್ತೆ. ಉಳಿದವು ಎದುರಾಡೋದಿಲ್ಲ. ದಿನ ಕಳೆದ ಹಾಗೆ ಆ ಜೋರು ಇಳಿದು, ಅದೂ ಶಾಂತವಾಗಿ ಕೂತು ಮೊಟ್ಟೆ ಇಡುತ್ತೆ. ನಮಗೆ ಕಾಣದ ಒಂದು ಸರದಿ ಅವುಗಳಿಗೆ ಗೊತ್ತಿದೆ. ಇದನ್ನ ಮಕ್ಕಳಿಗೆ ಹೇಳಿದಾಗ ಪಾಠ ಮುಗಿದ ಮೇಲೂ ಅವರು ಏಳೋದಿಲ್ಲ.

— ಹಂಗಾದ್ರೆ ದೊಡ್ಡ ಕಣಜ? ಕರ್ರಗೆ ಉದ್ದಕ್ಕೆ ಇದ್ದು ಹೊಟ್ಟೆ ಮೇಲೆ ಹಳದಿ ಪಟ್ಟೆ ಇರ್ತದಲ್ಲ, ಕಡಜ ಅಂತೀವಿ. ತೆಂಗಿನ ತೋಟದ ಬದೀಲಿ ಬಿಲದೊಳಗೆ ಗೂಡು ಮಾಡ್ತವೆ. ನೇಗಿಲು ತಗುಲಿದ್ರೆ ಎತ್ತುಗಳನ್ನೂ ಬಿಡಲ್ಲ.

— ಕಡಜದ ವಿಷಯದಲ್ಲಿ ನಾನು ನಿಮ್ಮ ಜೊತೆ. ಮನೆ ಗೋಡೆಯ ಸಂದಿನಲ್ಲೋ ಮಕ್ಕಳು ಓಡಾಡೋ ದಾರಿಯಲ್ಲೋ ಅದು ಕಟ್ಟಿದರೆ ಉಳಿಸಿಕೊಳ್ಳಬಾರದು, ತಿಳಿದವರನ್ನ ಕರೆದು ತೆಗೆಸಬೇಕು. ಕಡಜಕ್ಕೆ ಈ ಸಣ್ಣ ಕಣಜದ ಮರಿ ಅಂದರೆ ಪ್ರಾಣ. ಅದು ಬಂತು ಅಂದರೆ ಇವು ಗೂಡು ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತವೆ. ಗದಗಕರ್ ಅವರು ಕಣಜಗಳಿಗೆ ಅಂತ ಒಂದು ಮನೇನೇ ಮಾಡಿಸಿ, ಮುಕ್ಕಾಲು ಸೆಂಟಿಮೀಟರ್ ಕಂಡಿಯ ತಂತಿ ಬಲೆ ಹಾಕಿಸಿದರು. ಸಣ್ಣ ಕಣಜ ಸಲೀಸಾಗಿ ಹೋಗಿ ಬರುತ್ತೆ, ಕಡಜಕ್ಕೆ ಮೈ ತೂರೋದಿಲ್ಲ.

— ಬಲೆ ವಿಷ್ಯ ನಮಗೂ ಗೊತ್ತು ಬಿಡು, ಹುಳು ಮನೆಗೆ ನಾವೂ ಕಟ್ಟಿದೀವಿ. ಆದ್ರೆ ನನ್ನ ಭಯ ಏನು ಅಂದ್ರೆ, ಈ ಕಣಜ ಹುಳು ಮನೆಗೆ ನುಗ್ಗಿ ರೇಷ್ಮೆ ಹುಳ ಎತ್ಕೊಂಡು ಹೋದ್ರೆ? ಅವರೆ ಗಿಡದಲ್ಲಿ ಹಸಿರು ಹುಳಾನ ಕಚ್ಚಿ, ಉಂಡೆ ಮಾಡಿ ಹೊತ್ಕೊಂಡು ಹೋಗೋದ್ನ ಕಣ್ಣಾರೆ ನೋಡಿದೀನಿ.

— ಆ ಉಂಡೆ ಈ ಮರಿಗಳ ಊಟ. ಅವರೆಗೆ ಬೀಳೋ ಕಾಯಿಕೊರಕ ಕಡಿಮೆಯಾದರೆ ಅದರಲ್ಲಿ ಇದರ ಪಾಲೂ ಇದೆ. ಹುಳು ಮನೆಗೆ ಬಾರದಂತೆ ಆ ನೈಲಾನ್ ಬಲೆ ಸಾಕು. ಅದನ್ನ ಕಟ್ಟಿದ್ದು ಯಾವುದಕ್ಕೆ ಅಂತ ನೆನಪಿದೆಯಲ್ಲ?

— ಊಜಿ ನೊಣಕ್ಕೆ. ಅದನ್ನ ಮರೆಯೋದು ಹೆಂಗೆ? 1980ಕ್ಕೆ ಮುಂಚೆ ಈ ಸೀಮೇಲಿ ಊಜಿ ಅನ್ನೋ ಹೆಸರೇ ಕೇಳಿರ್ಲಿಲ್ಲ. ಬಂಗಾಳದ ಕಡೆಯಿಂದ ಬಂತು ಅಂದ್ರು. ಹುಳದ ಮೈಮೇಲೆ ಬಿಳೀ ಮೊಟ್ಟೆ ಇಡ್ತದೆ. ಮೊಟ್ಟೆ ಒಡೆದು ಮರಿ ಒಳಗೆ ತೂರಿದ ಕಡೆ ಕರೀ ಕಲೆ. ಹಣ್ಣಾಗೋ ಮೊದ್ಲೇ ಹುಳ ಸಾಯ್ತದೆ. ಸಾಯದೆ ಗೂಡು ಕಟ್ಟಿದ್ರೂ ಊಜಿ ಮರಿ ಗೂಡು ತೂತು ಮಾಡ್ಕೊಂಡು ಆಚೆ ಬರ್ತದೆ. ತೂತು ಗೂಡಿಗೆ ರಾಮನಗರದ ಮಾರ್ಕೆಟ್ಟಲ್ಲಿ ಬೆಲೆ ಎಲ್ಲೈತೆ? ನೂಲು ಎಳೆ ಎಳೆಯಾಗಿ ಬಿಚ್ಚಲ್ಲ.

— ನಾಲ್ಕನೇ ಜ್ವರ ಎದ್ದ ಮೇಲೆ ಇಲಾಖೆಯಿಂದ ಒಂದು ಪೊಟ್ಟಣ ತಂದು ಹುಳು ಮನೆಯಲ್ಲಿ ತೂಗುಹಾಕ್ತೀರಲ್ಲ?

— ನಿಸೋಲಿಂಕ್ಸ್. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕರೀ ಹುಳ. ಊಜಿ ಕೋಶ ಎಲ್ಲೇ ಮೂಲೇಲಿ, ಬಿರುಕಲ್ಲಿ ಬಚ್ಚಿಟ್ಕೊಂಡಿದ್ರೂ ಹುಡುಕ್ಕೊಂಡು ಹೋಗಿ ಅದ್ರೊಳಕ್ಕೆ ಮೊಟ್ಟೆ ಇಡ್ತದೆ. ಬೆಳೆ ಇಳಿಸಿದ ಮೇಲೆ ಅದೇ ಪೊಟ್ಟಣ ತಿಪ್ಪೆ ಹತ್ರ ಕಟ್ತೀವಿ, ಅಲ್ಲಿ ಬಿದ್ದಿರೋ ಊಜಿಗೂ ಆಗಲಿ ಅಂತ. ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವ್ರು ಕಲಿಸಿಕೊಟ್ಟಿದ್ದು.

— ಅದೂ ಕಣಜದ ಕುಲವೇ ದೊಡ್ಡಪ್ಪ. ಈ ಕಿಟಕಿಯ ಹುಳಕ್ಕೆ ದೂರದ ನಂಟು.

— ಪೊಟ್ಟಣದಲ್ಲಿ ಇರೋದು ಕಣಜಾನಾ?

— ಹೌದು. ನಮ್ಮನ್ನ ಕಚ್ಚೋದಿಲ್ಲ, ಗೂಡು ಕಟ್ಟೋದಿಲ್ಲ, ಅಷ್ಟೇ ವ್ಯತ್ಯಾಸ. ಕಣಜ ಅಂದರೆ ನಮಗೆ ನೆನಪಾಗೋದು ಕಚ್ಚೋ ಕೆಲವೇ ಕೆಲವು. ಮಿಕ್ಕವುಗಳಲ್ಲಿ ಎಷ್ಟೋ ಬೇರೆ ಹುಳದ ಮೊಟ್ಟೆ, ಮರಿ, ಕೋಶ ತಿಂದು ಬದುಕೋವು. ಅವು ಇಲ್ಲದೇ ಹೋದರೆ ನಮ್ಮ ತೋಟಗಳ ಗತಿ ಏನಾಗುತ್ತೆ ಅಂತ ಯೋಚನೆ ಮಾಡಿ. ನನಗೆ ಒಂದು ಮಾತು ಯಾವಾಗಲೂ ಅನ್ನಿಸುತ್ತೆ: ಈ ಸೀಮೆಯವರು ಹುಳವನ್ನ ಕಂಡ ಕೂಡಲೇ ಸುಡಬಾರದು. ರಾಮನಗರದ ಗೂಡಿನ ಮಾರುಕಟ್ಟೆಗೆ ದಿನಾ ಬೆಳಗ್ಗೆ ಬರೋದು ಹುಳದ ದುಡಿಮೆ. ಚನ್ನಪಟ್ಟಣದ ಗೊಂಬೆಯ ಮೇಲಿನ ಆ ಹೊಳಪು ಅರಗಿನದು, ಅರಗೂ ಒಂದು ಕೀಟ ಸ್ರವಿಸಿದ್ದೇ. ಹಿಪ್ಪುನೇರಳೆ ತೋಟದ ಪಕ್ಕದವರು ಔಷಧಿ ಹೊಡೆದರೆ ಗಾಳಿಗೆ ಬಂದ ಒಂದು ಹನಿ ಏನು ಮಾಡುತ್ತೆ ಅಂತ ನಿಮಗೆ ಗೊತ್ತಿರೋಷ್ಟು ಇನ್ಯಾರಿಗೆ ಗೊತ್ತು?

— ಅದು ನಿಜ ಕಣವ್ವ. ಒಂದು ಹೊತ್ತಿನ ಸೊಪ್ಪಿನಲ್ಲಿ ಔಷಧಿ ಇದ್ರೆ ಇಡೀ ಬೆಳೆ ಹೋಯ್ತದೆ. ಹುಳ ತಲೆ ಆಡಿಸ್ಕೊಂಡು, ಹಸಿರು ನೀರು ಕಕ್ಕಿ ಸಾಯೋದ್ನ ನೋಡೋಕಾಗಲ್ಲ… ಸರಿ, ಕಿಟಕೀದು ಬಿಟ್ಟೆ. ಮಗು ಕುರ್ಚೀನ ಆ ಕಡೆ ಹಾಕಿಸ್ತೀನಿ, ಈ ಕಿಟಕಿ ಬಾಗಿಲು ತೆಗೆಯೋದು ಬೇಡ ಅಂತ ಎಲ್ರಿಗೂ ಹೇಳ್ತೀನಿ. ಅಲ್ಲಿ ಫೋಟೋ ಹಿಂದೆ ಮಣ್ಣಿನ ಗೂಡು ಐತಲ್ಲ, ಅದಕ್ಕೇನಂತೀಯ?

— ಅದು ಕುಂಬಾರ ಹುಳದ್ದು. ಅದಕ್ಕೆ ಯಾರೂ ಹೆದರಬೇಕಾಗಿಲ್ಲ. ಒಂಟಿ ಹೆಣ್ಣು, ಕಾಯೋಕೆ ಸೈನ್ಯ ಇಲ್ಲ. ಕೈಯಲ್ಲಿ ಹಿಡಿದು ಅದುಮಿದರೆ ಮಾತ್ರ ಚುಚ್ಚೀತು.

— ನಾವು ಚಿಕ್ಕವರಿದ್ದಾಗ ಅಪ್ರಮೇಯನ ಗುಡೀಲಿ ಹರಿಕಥೆ ಮಾಡೋಕೆ ಬರ್ತಿದ್ದ ದಾಸರು ಹೇಳ್ತಿದ್ರು. ಈ ಹುಳ ಎಲ್ಲಿಂದಲೋ ಒಂದು ಕೀಟ ತಂದು ಗೂಡೊಳಗೆ ಇಟ್ಟು, ಸುತ್ತ ಗುಂಯ್ ಅಂತ ಹಾಡ್ತಾ ಇರ್ತದಂತೆ. ಆ ನಾದ ಕೇಳ್ತಾ ಕೇಳ್ತಾ ಕೀಟ ತಾನೂ ಅದೇ ರೂಪ ಆಗ್ಬಿಡ್ತದಂತೆ. ಗುರುವನ್ನ ಧ್ಯಾನ ಮಾಡಿದ ಶಿಷ್ಯ ಗುರುವೇ ಆದಂಗೆ ಅಂತ.

— ಕೀಟಭ್ರಮರ ನ್ಯಾಯ. ಹಾಗೆ ಹೇಳಿದವರು ಕಣ್ಣಿಗೆ ಕಂಡದ್ದನ್ನೇ ಹೇಳಿದ್ದು. ಒಳಗೆ ಹೋಗೋದು ಕೀಟ, ಕೆಲವು ವಾರದ ಮೇಲೆ ಗೋಡೆ ಕೊರೆದು ಹೊರಗೆ ಬರೋದು ಕಣಜ. ನಡುವೆ ಏನಾಯಿತು ಅಂತ ಮುಚ್ಚಿದ ಮಣ್ಣಿನಲ್ಲಿ ಯಾರಿಗೆ ಕಾಣುತ್ತೆ? ಹಳೇದೊಂದು ಗೂಡು ಉದುರಿ ಬಿದ್ದಾಗ ಮಕ್ಕಳ ಮುಂದೆ ಬಿಚ್ಚಿದೆ. ಸಾಲು ಸಾಲು ಕೋಣೆ. ಒಂದು ಕೋಣೆ ತುಂಬ ಜೇಡಗಳು, ಕಾಲು ಮಡಚಿ ಒತ್ತೊತ್ತಾಗಿ ತುಂಬಿದ್ದವು. ಸತ್ತಿಲ್ಲ, ಕೊಳೆತಿಲ್ಲ, ಕಡ್ಡಿ ತಗುಲಿಸಿದರೆ ಕಾಲಿನ ತುದಿ ಸಣ್ಣಗೆ ನಡುಗುತ್ತೆ. ತಾಯಿ ಚುಚ್ಚಿ ಮೈ ಮರಗಟ್ಟಿಸಿ ತಂದು ಇಟ್ಟಿದ್ದು. ಒಂದು ಜೇಡದ ಹೊಟ್ಟೆಗೆ ಅಂಟಿಕೊಂಡು ನಸುಬಿಳಿ ಮೊಟ್ಟೆ. ಮರಿ ಅದರಿಂದ ಹೊರಟು ಒಂದೊಂದೇ ಜೇಡ ತಿಂದು ಬೆಳೆಯುತ್ತೆ. ತಾಯಿ ಮಾತ್ರ ಆ ಮರಿಯ ಮುಖ ನೋಡೋದೇ ಇಲ್ಲ, ಬಾಗಿಲು ಮೆತ್ತಿ ಹೋಗಿಬಿಡುತ್ತೆ. ಗುಂಯ್ ಅನ್ನೋ ಸದ್ದು ಹಸಿ ಮಣ್ಣನ್ನ ಮೈ ಅದುರಿಸಿ ಮೆತ್ತುವಾಗಿನದು. ನಿಮ್ಮ ಬೋರ್‌ವೆಲ್ ಹತ್ರದ ಬಟ್ಟೆ ಒಗೆಯೋ ಕಲ್ಲಿನ ಕೆಳಗೆ ಹೋಗಿ ನೋಡಿ, ಕೆಸರನ್ನ ಉಂಡೆ ಕಟ್ಟುತ್ತಿರುತ್ತೆ.

— ಹಂಗಾದ್ರೆ ದಾಸರು ಹೇಳಿದ್ದು ಸುಳ್ಳಾ?

— ಗುರುಶಿಷ್ಯರ ಮಾತಿಗೆ ಏನೂ ಕುಂದಿಲ್ಲ ದೊಡ್ಡಪ್ಪ. ಹುಳದ ಮಟ್ಟಿಗೆ ನಡೆಯೋದು ಬೇರೆ. ಎರಡೂ ಮಕ್ಕಳಿಗೆ ತಿಳಿದಿರಲಿ ಅಂತ ಎರಡನ್ನೂ ಹೇಳ್ತೀನಿ.

— ಸರಿ. ಈಗ ಟ್ಯಾಂಕಿನ ಹೆಜ್ಜೇನಿನ ಮಾತಿಗೆ ಬಾ. ಅಲ್ಲಿ ನನ್ನ ಮನಸ್ಸು ಬದಲಾಗಲ್ಲ. ತೊಟ್ಟಿಲಿನಷ್ಟು ದೊಡ್ಡ ತಟ್ಟಿ. ಎದ್ದರೆ ಊರೇ ಓಡ್ಬೇಕು. ಅದೂ ಭಾನುವಾರ ಬಂತು ಅಂದ್ರೆ ಗುಡೀಲಿ ಅಂಬೆಗಾಲು ಕೃಷ್ಣನ ನೋಡೋಕೆ ಕೈಗೂಸು ಎತ್ಕೊಂಡು ಬರೋರು ಎಷ್ಟು ಜನ!

— ಹೆಜ್ಜೇನು ಅಪಾಯದ್ದು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ಒಂದು ಹಿಂಡಿನಲ್ಲಿ ಹತ್ತಾರು ಸಾವಿರ ನೊಣ. ಒಂದು ಚುಚ್ಚಿದರೆ ಕೊಂಡಿ ಚರ್ಮದಲ್ಲೇ ಉಳಿಯುತ್ತೆ, ಅದರಿಂದ ಬಾಳೆಹಣ್ಣಿನಂಥ ಒಂದು ವಾಸನೆ ಬರುತ್ತೆ. ಆ ವಾಸನೆಯೇ ಉಳಿದವಕ್ಕೆ ಕರೆ. ಆದರೆ ತಾವಾಗಿ ಏಳೋದಿಲ್ಲ, ಏಳಿಸೋವರು ಇರ್ತಾರೆ. ಕಲ್ಲು ಹೊಡೆಯೋ ಹುಡುಗರು, ಪಟಾಕಿ, ತಟ್ಟಿಗೆ ಎರಗೋ ಹದ್ದು. ಎಲ್ಲಕ್ಕಿಂತ ಹೆಚ್ಚಾಗಿ ಹೊಗೆ. ಟ್ಯಾಂಕಿನ ಪಕ್ಕದ ತೋಟದಲ್ಲಿ ತೆಂಗಿನ ಗರಿ ಗುಡ್ಡೆ ಹಾಕಿ ಸುಡ್ತಾರಲ್ಲ, ಅದು ಇವತ್ತಿನಿಂದಲೇ ನಿಲ್ಲಬೇಕು.

— ಹಿಂದೆ ಇರುಳಿಗರು ಬಂದು ಬಿಡಿಸ್ತಿದ್ರು. ರಾಮದೇವರ ಬೆಟ್ಟದ ಕಡೆಯೋರು, ಸಾವನದುರ್ಗದ ಕಡೆಯೋರು. ಬಂಡೆ ಮೇಲಿನ ಜೇನನ್ನೇ ಇಳಿಸೋ ಜನ ಅವ್ರು, ಮರದ್ದು ಯಾವ ಲೆಕ್ಕ? ಕತ್ತಲೇಲಿ ಹಸಿ ಸೊಪ್ಪಿನ ಹೊಗೆ ಹಿಡಿದು, ನೊಣ ಪಕ್ಕಕ್ಕೆ ಸರಿಸಿ, ತುಪ್ಪ ಇರೋ ಮೂಲೆ ಮಾತ್ರ ಕುಯ್ಕೊಂಡು ಬರ್ತಿದ್ರು. ಮರಿ ಇರೋ ಕಡೆ ಕೈ ಹಾಕ್ತಿರ್ಲಿಲ್ಲ. ಈಗ ಬರೋರು ಪಂಜು ಹಿಡಿದು ಅಷ್ಟನ್ನೂ ಸುಡ್ತಾರೆ, ಬೆಳಗ್ಗೆ ನೋಡಿದ್ರೆ ನೆಲದ ತುಂಬ ರೆಕ್ಕೆ ಸುಟ್ಟ ನೊಣ ತೆವಳ್ತಾ ಇರ್ತವೆ.

— ತೆವಳೋವನ್ನ ಬರಿಗಾಲಲ್ಲಿ ತುಳಿದ ಮಕ್ಕಳಿಗೂ ಚುಚ್ಚುತ್ತವೆ. ಇನ್ನು ಹೆಜ್ಜೇನು ವರ್ಷವಿಡೀ ಇರೋ ಹುಳ ಅಲ್ಲ. ಮಳೆ ನಿಂತು ಹುಚ್ಚೆಳ್ಳು ಹೂ ಬಿಡೋ ಹೊತ್ತಿಗೆ ಬರುತ್ತೆ, ಮಾವು, ಹೊಂಗೆ, ಹುಣಿಸೆ ಹೂವೆಲ್ಲ ಮುಗಿಸಿಕೊಂಡು ಮುಂಗಾರಿನ ಹೊತ್ತಿಗೆ ತಾನೇ ಎದ್ದು ಹೋಗುತ್ತೆ. ಮುಂದಿನ ಸಲ ಹುಡುಕಿಕೊಂಡು ಅದೇ ಜಾಗಕ್ಕೆ ಬರುತ್ತೆ. ಅದೇ ರಾಣಿಯ ಹಿಂಡು ಅದೇ ಮರಕ್ಕೆ ಮರಳಿದ್ದನ್ನ ವಿಜ್ಞಾನಿಗಳು ವಂಶವಾಹಿ ಪರೀಕ್ಷೆ ಮಾಡಿ ಖಚಿತ ಮಾಡಿದಾರೆ. ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದಲ್ಲಿ ಒಂದೇ ಆಲದ ಮರದಲ್ಲಿ ನೂರಾರು ತಟ್ಟಿ ಕೂರೋದು ಇದರಿಂದಲೇ. ಊರಾಚೆ ಮರದಲ್ಲೋ ಬಂಡೆಯಲ್ಲೋ ಇದ್ದರೆ ಒಂದು ಕಡ್ಡಿಯನ್ನೂ ಮುಟ್ಟಬೇಡಿ ಅಂತ ನಿಮ್ಮ ಕೈ ಹಿಡಿದು ಕೇಳ್ತಿದ್ದೆ. ಆದರೆ ಇದು ಶಾಲೆ. ಬಿಸಿಯೂಟಕ್ಕೆ ಮಕ್ಕಳು ಸಾಲು ನಿಲ್ಲೋದು ಆ ಟ್ಯಾಂಕಿನ ಕೆಳಗೇ. ಇಲ್ಲಿ ನಾನೂ ನಿಮ್ಮ ಕಡೆ, ತೆಗೆಸಲೇಬೇಕು. ಸುಡಬಾರದು, ಅಷ್ಟೇ. ರಾತ್ರಿ ಹೊತ್ತು, ಜೇನು ಬಿಡಿಸೋದು ಗೊತ್ತಿರೋವರಿಂದ, ಶಾಲೆಗೆ ರಜೆ ಇರೋ ದಿನ ನೋಡಿಕೊಂಡು. ಮಾರನೇ ದಿನವೂ ಅಲ್ಲಿ ಯಾರೂ ಸುಳಿಯಬಾರದು, ಚದುರಿದ ನೊಣ ಅದೇ ಜಾಗದಲ್ಲಿ ಸುತ್ತುತ್ತಿರುತ್ತವೆ.

— ಅಷ್ಟರೊಳಗೆ ಅವು ಎದ್ದುಬಿಟ್ರೆ?

— ಮಕ್ಕಳಿಗೆ ಹೇಳಿಕೊಟ್ಟಿದೀನಿ. ಕೈ ಬೀಸಬಾರದು. ಮುಖ ಮುಚ್ಚಿಕೊಂಡು ಓಡಿ ಕೋಣೆಯೊಳಗೆ ಹೋಗಿ ಬಾಗಿಲು, ಕಿಟಕಿ ಹಾಕಿಕೊಳ್ಳಬೇಕು. ನೀರಿಗೆ ಹಾರಿದರೆ ಪ್ರಯೋಜನ ಇಲ್ಲ, ತಲೆ ಎತ್ತೋವರೆಗೂ ಮೇಲೆ ಸುತ್ತುತ್ತಾ ಇರುತ್ತವೆ. ಕೊಂಡಿಯ ವಿಷದ ಚೀಲ ಚರ್ಮದ ಮೇಲೆ ಇದ್ದಷ್ಟು ಹೊತ್ತೂ ವಿಷ ಒತ್ತುತ್ತಲೇ ಇರುತ್ತೆ, ಉಗುರಿನಲ್ಲಾದರೂ ಸರಿ ತಕ್ಷಣ ಕೆರೆದು ತೆಗೆಯಬೇಕು. ಹೇಗೆ ತೆಗೆದೆ ಅನ್ನೋದಕ್ಕಿಂತ ಎಷ್ಟು ಬೇಗ ತೆಗೆದೆ ಅನ್ನೋದು ಮುಖ್ಯ.

— ಸುಣ್ಣ ಹಚ್ಚಿದ್ರೆ ಉರಿ ಇಳೀತದಲ್ಲ.

— ವಿಷ ಇರೋದು ಚರ್ಮದ ಒಳಗೆ, ಸುಣ್ಣ ಮೇಲೇ ಉಳಿಯುತ್ತೆ. ಸೋಪಿನ ನೀರಲ್ಲಿ ತೊಳೆದು ಐಸು ಒತ್ತಿದರೆ ಊತ ತಗ್ಗುತ್ತೆ. ಭಯಪಡಬೇಕಾದ್ದು ಬೇರೆ. ಕೆಲವರ ಮೈಗೆ ಒಂದೇ ಕೊಂಡಿ ಸಾಕು. ಮೈಯೆಲ್ಲ ದದ್ದು, ತುಟಿ ನಾಲಿಗೆ ಊದೋದು, ಉಸಿರು ಕಟ್ಟೋದು, ತಲೆ ಸುತ್ತಿ ಬೀಳೋದು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡ್ತಾ ಕೂರದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಕೊಡ್ತಾರೆ, ಜೀವ ಉಳಿಸೋದು ಅದೇ. ಹೆಜ್ಜೇನು ಮುತ್ತಿ ಮೈತುಂಬ ಚುಚ್ಚಿದ್ದರೆ ಆ ಹೊತ್ತಿಗೆ ಆರಾಮಾಗಿ ಕಂಡರೂ ಮನೆಗೆ ಕರೆತರಬಾರದು. ಮೂತ್ರಪಿಂಡ ಒಂದೆರಡು ದಿನ ತಡವಾಗಿ ಕೆಡೋದುಂಟು.

— ಇದನ್ನ ಪಂಚಾಯ್ತೀಲೂ ಒಂದ್ಸಲ ಹೇಳು. ನಿಂಬೆ ಗಿಡದಲ್ಲಿ ಅಂಗೈಯಗಲ ಒಂದು ಜೇನು ಕೂತೈತೆ ನೋಡಿದ್ಯಾ? ಕೋಲುಜೇನು. ಅದಕ್ಕೆ ಯಾರ ಭಯವೂ ಇಲ್ಲ, ನಾನು ನಿಂಬೆಹಣ್ಣು ಕೀಳ್ತಾ ಇದ್ರೂ ಅದರ ಪಾಡಿಗೆ ಅದು.

— ನೋಡಿದೆ. ಕೊಂಬೆಯ ಆಚೆ ಈಚೆ ಅಂಟು ಬಳಿದಿದೆ, ಇರುವೆ ದಾಟದ ಹಾಗೆ. ನಾಳೆ ಬಿಸಿಲೇರಿದ ಮೇಲೆ ಬನ್ನಿ, ಗೂಡಿನ ನೆತ್ತಿ ನೋಡೋಣ. ಕೊಂಬೆಯನ್ನ ಸುತ್ತಿರೋ ಆ ಮೇಲ್ಭಾಗ ಸಮತಟ್ಟಾಗಿರುತ್ತೆ. ಹೂ ಕಂಡು ಬಂದ ನೊಣ ಅದರ ಮೇಲೆ ಹೊಟ್ಟೆ ಅಲ್ಲಾಡಿಸುತ್ತಾ ನೇರ ಗೆರೆಯಲ್ಲಿ ಓಡುತ್ತೆ, ತಿರುಗಿ ಬಂದು ಮತ್ತೆ ಅದೇ ಗೆರೆಯಲ್ಲಿ ಓಡುತ್ತೆ. ಆ ಗೆರೆ ಯಾವ ಕಡೆಗೋ ಹೂವು ಆ ಕಡೆಗೇ. ಗೂಡಿನ ಕತ್ತಲೆಯೊಳಗೆ ಕುಣಿಯೋ ಜೇನು ಇದನ್ನೇ ಗೋಡೆಯ ಮೇಲೆ ಬೇರೆ ಲೆಕ್ಕದಲ್ಲಿ ಹೇಳುತ್ತೆ. ಆ ಕುಣಿತ ಓದಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಲಿಂಡಾವರ್ ಶ್ರೀಲಂಕಾಕ್ಕೆ ಬಂದು ನಮ್ಮ ಕಡೆಯ ಈ ಕೋಲುಜೇನಿನ ಕುಣಿತ ನೋಡಿ ಬರೆದರು.

— ನಮ್ಮಪ್ಪ ತುಡುವೆ ಪೆಟ್ಟಿಗೆ ಇಟ್ಟಿದ್ದ, ನೀನು ನೋಡಿರಲ್ಲ. 1991ರ ಆಸುಪಾಸಲ್ಲಿ ರೋಗ ಬಂತು. ಮರಿಗಳೆಲ್ಲ ಕೋಣೇಲೇ ತಲೆ ಮೇಲೆ ಮಾಡಿ ಸತ್ತು, ಎತ್ತಿದ್ರೆ ನೀರು ತುಂಬಿದ ಚೀಲ. ಪೆಟ್ಟಿಗೆ ಒಂದೊಂದಾಗಿ ಖಾಲಿ ಆದ್ವು. ಆಮೇಲೆ ಅಪ್ಪ ಅದರ ಮಾತೇ ಎತ್ತಲಿಲ್ಲ.

— ಥಾಯ್ ಸ್ಯಾಕ್‌ಬ್ರೂಡ್ ವೈರಸ್. ದಕ್ಷಿಣದ ತುಡುವೆ ಸಾಕಣೆಯನ್ನೇ ಅದು ಮುರಿಯಿತು. ಆದರೂ ತುಡುವೆ ಉಳಿದುಕೊಂಡಿದೆ ದೊಡ್ಡಪ್ಪ, ರೋಗ ತಾಳಿದ ಹಿಂಡುಗಳಿಂದ ಮತ್ತೆ ಹಬ್ಬಿತು. ನಿಮ್ಮ ತೋಟದ ಹಳೇ ಹುತ್ತದಲ್ಲಿ ಒಂದಿದೆ, ಹೋಗಿ ಬರೋ ನೊಣದ ಕಾಲಿಗೆ ಹಳದಿ ಪರಾಗ ಮೆತ್ತಿರೋದನ್ನ ಬೆಳಗ್ಗೆ ನೋಡಿದೆ. ತೆಂಗಿನ ಹೊಂಬಾಳೆ ವರ್ಷವಿಡೀ ಇರೋ ಕಡೆ ಅದಕ್ಕೆ ಉಪವಾಸ ಇಲ್ಲ. ತೋಟಗಾರಿಕೆ ಇಲಾಖೆಯವರನ್ನ ಕೇಳಿದರೆ ಪೆಟ್ಟಿಗೆ ಇಡೋದು ಹೇಗೆ ಅಂತ ಹೇಳಿಕೊಡ್ತಾರೆ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಮಾವು ಹೂ ಬಿಟ್ಟಿದೆ. ತೋಟ ವಹಿಸಿಕೊಂಡವರು ಔಷಧಿ ಯಾವಾಗ ಹೊಡೀತಾರೆ?

— ಬೆಳಗ್ಗೆ ಎಂಟಕ್ಕೆ ಟ್ಯಾಂಕರ್ ತರ್ತಾರೆ. ಜಿಗಿಹುಳಕ್ಕೆ ಹೊಡೆಯದೆ ಇದ್ರೆ ಹೂ ಕಪ್ಪಾಯ್ತದೆ ಅಂತಾರೆ, ಅದೂ ನಿಜವೇ.

— ಜಿಗಿಹುಳಕ್ಕೆ ಹೂ ಅರಳೋ ಮುಂಚೆಯೇ ಹೊಡೀಬೇಕಿತ್ತು. ಈಗ ಅರಳಿದ ಹೂವಿನ ಮೇಲೆ, ಅದೂ ಜೇನು ಕೂತ ಹೊತ್ತಿಗೆ ಹೊಡೆದರೆ ಹೆಜ್ಜೇನು, ತುಡುವೆ, ಕೋಲುಜೇನು ಎಲ್ಲಕ್ಕೂ ಒಂದೇ ಸಾವು. ಮಾವಿಗೆ ಕಾಯಿ ಕಟ್ಟಿಸೋ ನೊಣಗಳೂ ಅದರಲ್ಲೇ ಹೋಗುತ್ತವೆ. ಇನ್ನೂ ಹೊಡೆಯಲೇಬೇಕು ಅಂದರೆ ಹೊತ್ತು ಮುಳುಗೋ ಸಮಯಕ್ಕೆ, ಹುಳಗಳೆಲ್ಲ ಗೂಡು ಸೇರಿದ ಮೇಲೆ ಹೊಡೆಯಲಿ.

— ಸಂಜೆ ಹೊತ್ತು ಆಳು ಬರಲ್ಲ ಅಂತಾನೆ ಅವನು. ಬಂದ್ರೂ ಕೂಲಿ ಜಾಸ್ತಿ ಕೇಳ್ತಾನೆ.

— ಜಾಸ್ತಿ ಆದ ಕೂಲಿ ನಾವು ಕೊಡ್ತೀವಿ ಅಂತ ಹೇಳಿ. ನಾನೂ ಅರ್ಧ ಹಾಕ್ತೀನಿ.

— ನೀನು ಯಾಕೆ ಹಾಕ್ಬೇಕು, ತೋಟ ನಂದು. ಇವತ್ತೇ ಫೋನ್ ಮಾಡಿ ಹೇಳ್ತೀನಿ, ನಾಳೆ ಬೆಳಗ್ಗೆಗೆ ಅಂತ ಅವನು ಆಗಲೇ ಔಷಧಿ ತಂದಿಟ್ಟಿದಾನೆ.